ಶೋವಾ ಸೇತುವೆ ಬಿದ್ದುದೇಕೆ? – ಭೂಕಂಪ, ಮರಳು ಮತ್ತು ಸಾಕ್ಷ್ಯಗಳ ಕಥೆ



ಇತಿಹಾಸವೆಂದೊಡನೆ ರಾಜವಂಶಗಳು, ಯುದ್ಧಗಳು, ಒಪ್ಪಂದಗಳು, ಅವುಗಳ ಇಸವಿಗಳು ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ರೂಢಿ. ಪಾಠ ಹೇಳಿದ ನಾನೂ, ಕೇಳಿದ ನೀವೂ ಆ ರೂಢಿಯಲ್ಲೇ ಬೆಳೆದವರು. ಆದರೆ ಒಂದು ಸೇತುವೆಯ ಪತನಕ್ಕೂ ಇತಿಹಾಸವುಂಟು. ಆ ಪತನದ ಕಾರಣವನ್ನು ಅರಸಿದವರ ಇತಿಹಾಸವಂತೂ ಇನ್ನೂ ದೀರ್ಘವಾದುದು. ಜಪಾನಿನ ನೀಗಾಟಾ ನಗರದ ಶೋವಾ ಸೇತುವೆ 1964ರಲ್ಲಿ ಕುಸಿಯಲು ಒಂದೆರಡು ನಿಮಿಷವೂ ಹಿಡಿಯಲಿಲ್ಲ. ಅದು ಏಕೆ ಕುಸಿಯಿತೆಂಬ ವಿಚಾರಣೆ ಐವತ್ತು ವರ್ಷ ನಡೆಯಿತು. ಆ ವಿಚಾರಣೆಯಲ್ಲಿ ಗಣಿತಕ್ಕೆಷ್ಟು ಸ್ಥಾನವೋ, ಕಣ್ಣಾರೆ ಕಂಡವರ ಮಾತಿಗೂ ಅಷ್ಟೇ ಸ್ಥಾನ ದೊರೆಯಿತು. ಆದ್ದರಿಂದಲೇ ಇತಿಹಾಸದ ಮೇಷ್ಟ್ರಾದ ನನಗೆ ಇದು ಪ್ರಿಯವಾದ ವಿಷಯ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಾದವರು ಅನೇಕರಿದ್ದೀರಿ. ನಿಮಗೆ ಮುಂದಿನ ಕೆಲವು ವಿವರಣೆಗಳು ಬಾಲಪಾಠದಂತೆ ತೋರಿದರೆ ತಾಳ್ಮೆಯಿಂದ ಓದಿಕೊಳ್ಳಿ. ಉಳಿದವರಿಗಾಗಿ ಅವು ಬೇಕು.

ನದಿ ಕಿರಿದಾದ ಕಥೆ

ನೀಗಾಟಾ ನಗರವು ಜಪಾನಿನ ಅತ್ಯಂತ ಉದ್ದವಾದ ನದಿಯಾದ ಶಿನಾನೊ ಸಮುದ್ರವನ್ನು ಸೇರುವ ಸ್ಥಳದಲ್ಲಿದೆ. ಹಿಂದೆ ಆ ನದಿಯ ಪಾತ್ರ ಬಹಳ ಅಗಲವಾಗಿತ್ತು. 1886ರಲ್ಲಿ ಅಲ್ಲಿ ಮೊದಲ ಬಾರಿಗೆ ಕಟ್ಟಿದ ಬಂದಾಯ್ ಸೇತುವೆ ಮರದ್ದು. ಅದರ ಉದ್ದ 782 ಮೀಟರ್. ಪ್ರವಾಹದ ಕಾಟದಿಂದ ಬಯಲನ್ನು ಪಾರುಮಾಡಲು ನಗರಕ್ಕಿಂತ ಬಹಳ ಮೇಲೆ, ಓಕೋಜು ಎಂಬಲ್ಲಿ, ನದಿಯ ನೀರನ್ನು ನೇರವಾಗಿ ಸಮುದ್ರಕ್ಕೆ ಹಾಯಿಸುವ ಕಾಲುವೆಯನ್ನು ತೋಡಿದರು. ಅದರಲ್ಲಿ ನೀರು ಹರಿದದ್ದು 1922ರಲ್ಲಿ. ಆ ಬಳಿಕ ನಗರದೊಳಗೆ ಹರಿಯುವ ನೀರು ಕಡಿಮೆಯಾಯಿತು. ನದಿಯನ್ನು ಕಿರಿದುಗೊಳಿಸಿ, ಎರಡೂ ದಂಡೆಗಳಲ್ಲಿ ಬಿಟ್ಟುಹೋದ ಪಾತ್ರವನ್ನು ಮರಳಿನಿಂದ ತುಂಬಿ ನಿವೇಶನ ಮಾಡಿಕೊಂಡರು. 1929ರಲ್ಲಿ ಕಾಂಕ್ರೀಟಿನಿಂದ ಕಟ್ಟಿದ ಈಗಿನ ಬಂದಾಯ್ ಸೇತುವೆಯ ಉದ್ದ ಸುಮಾರು 307 ಮೀಟರ್ ಮಾತ್ರ. ಎರಡು ಅಳತೆಗಳ ನಡುವಣ ವ್ಯತ್ಯಾಸವನ್ನು ಗಮನಿಸಿ. ಅರ್ಧಕ್ಕಿಂತ ಹೆಚ್ಚು ನದಿಯು ನಲವತ್ತು-ಐವತ್ತು ವರ್ಷಗಳಲ್ಲಿ ಊರಾಗಿಬಿಟ್ಟಿತ್ತು.

ಹಾಗೆ ಹುಟ್ಟಿದ ಬಡಾವಣೆಗಳಲ್ಲೊಂದರ ಹೆಸರು ಕವಾಗಿಶಿ-ಚೋ. ನದೀದಂಡೆಯ ಪೇಟೆ ಎಂದು ಅದರ ಅರ್ಥ. ಹೆಸರಿನಲ್ಲಿ ನದಿ ಉಳಿದಿತ್ತು, ನೆಲದಡಿಯಲ್ಲೂ ಉಳಿದಿತ್ತು. ಹಳೆಯ ಪಾತ್ರದ ಸಡಿಲ ಮರಳು ನೀರನ್ನು ಹೀರಿಕೊಂಡು ಬೀದಿಗಳ ಕೆಳಗೆ ಹಾಗೆಯೇ ಮಲಗಿತ್ತು.

1964ರ ಜೂನ್ 16

ಆ ವರ್ಷ ಟೋಕಿಯೋದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆಯಲಿದ್ದವು. ನೀಗಾಟಾದಲ್ಲಿ ರಾಷ್ಟ್ರೀಯ ಕ್ರೀಡಾಕೂಟವು ಆಗತಾನೆ ಮುಗಿದಿತ್ತು. ಶಿನಾನೊ ನದಿಗೆ ಅಡ್ಡಲಾಗಿ ಹೊಸದಾಗಿ ಕಟ್ಟಿದ ಶೋವಾ ಸೇತುವೆ ಸಂಚಾರಕ್ಕೆ ತೆರೆದು ಸುಮಾರು ಒಂದು ತಿಂಗಳಾಗಿತ್ತು. ಜೂನ್ 16ರ ಮಧ್ಯಾಹ್ನ ಒಂದು ಗಂಟೆ ದಾಟುತ್ತಿದ್ದಂತೆ 7.5 ಪರಿಮಾಣದ ಭೂಕಂಪವಾಯಿತು.

ಪ್ರಾಣಹಾನಿ ಇಂತಹ ಭೂಕಂಪಕ್ಕೆ ಕಡಿಮೆಯೆನ್ನಬೇಕು. ಸತ್ತವರು 26 ಮಂದಿ. ಆದರೆ ನಗರ ಕಂಡ ದೃಶ್ಯಗಳು ವಿಚಿತ್ರವಾಗಿದ್ದವು. ಕವಾಗಿಶಿ-ಚೋದ ನಾಲ್ಕಂತಸ್ತಿನ ವಸತಿ ಕಟ್ಟಡಗಳು ನಿಧಾನವಾಗಿ ವಾಲಿದವು. ಅವುಗಳಲ್ಲೊಂದು ಹೆಚ್ಚುಕಡಿಮೆ ಮಗ್ಗುಲಾಗಿ ಮಲಗಿತು. ಆದರೂ ಗೋಡೆಗಳು ಒಡೆದು ಚೂರಾಗಲಿಲ್ಲ. ಕಟ್ಟಡ ಗಟ್ಟಿಯಾಗಿಯೇ ಇತ್ತು; ಅದನ್ನು ಹೊತ್ತ ನೆಲ ಕೈಬಿಟ್ಟಿತ್ತು. ಬೀದಿಗಳಲ್ಲಿ ಮರಳುಗೂಡಿದ ನೀರು ಬುಗ್ಗೆಗಳಂತೆ ಚಿಮ್ಮಿತು. ನದಿಯಲ್ಲಿ, ತಿಂಗಳ ಹಿಂದಷ್ಟೇ ತೆರೆದಿದ್ದ ಶೋವಾ ಸೇತುವೆಯ ಐದು ಅಂಕಣಗಳ ಹಾಸು ನೀರಿಗೆ ಜಾರಿ, ಒಂದರ ತುದಿ ಇನ್ನೊಂದಕ್ಕೆ ಒರಗಿಸಿಟ್ಟ ಹಲಗೆಗಳಂತೆ ನಿಂತಿತು.

ಮರಳು ನೀರಾಗುವ ಬಗೆ

ಗಟ್ಟಿಯಾದ ನೆಲ ಹೀಗೆ ನೀರಾಗುವುದು ಹೇಗೆ? ಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ತಿಳಿಸುವುದು ಸುಲಭ. ಸೇರಿನ ತುಂಬ ರಾಗಿಯನ್ನು ಸಡಿಲವಾಗಿ ಸುರಿದು, ಆ ಸೇರನ್ನು ನಾಲ್ಕು ಬಾರಿ ಕುಲುಕಿ ನೋಡಿ. ರಾಗಿ ಕೆಳಗಿಳಿಯುತ್ತದೆ, ಮೇಲೆ ಇನ್ನೊಂದು ಹಿಡಿ ಹಿಡಿಸುತ್ತದೆ. ಸಡಿಲ ಕಾಳುಗಳು ಕುಲುಕಿದಾಗ ಒತ್ತೊತ್ತಾಗಿ ಕೂರಲು ಬಯಸುತ್ತವೆ. ಮರಳಿನ ಸ್ವಭಾವವೂ ಅದೇ. ಆದರೆ ನದೀತಳದ ಮರಳಿನಲ್ಲಿ ಕಣಕಣದ ನಡುವೆ ನೀರು ತುಂಬಿರುತ್ತದೆ. ಭೂಮಿ ನಡುಗಿದಾಗ ಕಣಗಳು ಹತ್ತಿರ ಸರಿಯಲು ಹವಣಿಸುತ್ತವೆ. ನಡುವಿನ ನೀರಿಗೆ ಅಷ್ಟು ಬೇಗ ಹೊರಹೋಗಲು ದಾರಿಯಿಲ್ಲ. ನೀರಿನ ಒತ್ತಡ ಏರುತ್ತದೆ. ಅದು ಸಾಕಷ್ಟು ಏರಿತೆಂದರೆ ಕಣಗಳು ಒಂದನ್ನೊಂದು ತಾಗಿ ಭಾರ ಹೊರುವುದೇ ನಿಂತುಹೋಗುತ್ತದೆ. ಆ ಹೊತ್ತಿನಲ್ಲಿ ಮರಳು ನೀರು ಸೇರಿದ ದಪ್ಪ ಗಂಜಿಯಂತಾಗುತ್ತದೆ. ಇದನ್ನೇ ಶಾಸ್ತ್ರಜ್ಞರು ದ್ರವೀಕರಣ ಎನ್ನುತ್ತಾರೆ.

ಈ ಸಂಗತಿ ಅದಕ್ಕೆ ಮೊದಲು ಯಾರಿಗೂ ತಿಳಿದಿರಲಿಲ್ಲವೆಂದಲ್ಲ. ನಮ್ಮ ದೇಶದಲ್ಲೇ 1897ರ ಅಸ್ಸಾಂ ಭೂಕಂಪವನ್ನು ಕುರಿತ ಪ್ರಸಿದ್ಧ ವರದಿಯಲ್ಲಿ ಆರ್. ಡಿ. ಓಲ್ಡ್‌ಹ್ಯಾಂ ನೆಲ ಬಿರಿದು ಮರಳು ಉಕ್ಕಿದ್ದನ್ನು ದಾಖಲಿಸಿದ್ದರು. 1934ರ ಬಿಹಾರ–ನೇಪಾಳ ಭೂಕಂಪದಲ್ಲಿ ಕಟ್ಟಡಗಳು ವಾಲಿ ಹೂತ ವಿಶಾಲ ಪ್ರದೇಶವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಕುಸಿತದ ಪಟ್ಟಿಯೆಂದು ಗುರುತಿಸಿ ನಕ್ಷೆ ಬರೆದಿದ್ದರು. ಆದರೆ ಅವೆಲ್ಲ ವರ್ಣನೆಯ ಮಟ್ಟದಲ್ಲೇ ಉಳಿದವು. 1964ರ ಮಾರ್ಚ್ 27ರಂದು ಅಲಾಸ್ಕಾದಲ್ಲಿ, ಮೂರು ತಿಂಗಳೊಳಗೆ ನೀಗಾಟಾದಲ್ಲಿ, ಬೆನ್ನುಬೆನ್ನಿಗೆ ಆದ ಎರಡು ಅನಾಹುತಗಳು ಅದನ್ನು ಲೆಕ್ಕಕ್ಕೆ ತಂದವು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎಚ್. ಬೋಲ್ಟನ್ ಸೀಡ್ ಮತ್ತು ಐ. ಎಂ. ಇದ್ರಿಸ್ ಅವರು ಯಾವ ಮರಳು ಎಂತಹ ಕಂಪನಕ್ಕೆ ದ್ರವೀಕರಣಗೊಂಡೀತೆಂದು ಅಂದಾಜಿಸುವ ಸರಳ ವಿಧಾನವನ್ನು 1971ರಲ್ಲಿ ಪ್ರಕಟಿಸಿದರು. ಅದೇ ವರ್ಷ ಜಪಾನಿನ ಹೆದ್ದಾರಿ ಸೇತುವೆಗಳ ನಿಯಮಾವಳಿಯಲ್ಲಿ ದ್ರವೀಕರಣದ ಪರಿಶೀಲನೆಯೂ, ಹಾಸು ಜಾರಿ ಬೀಳದಂತೆ ತಡೆಯುವ ಏರ್ಪಾಟೂ ಸೇರಿದವು.

ಒಂದೇ ನದಿ, ಎರಡು ಸೇತುವೆ

ಶೋವಾ ಸೇತುವೆಯ ರಚನೆಯನ್ನು ಸ್ವಲ್ಪ ನೋಡೋಣ. ಉದ್ದ ಸುಮಾರು 300 ಮೀಟರ್, ಅಂಕಣಗಳು ಹನ್ನೆರಡು. ಪ್ರತಿಯೊಂದು ಕಂಬವೆಂದರೆ ಒಂದೇ ಸಾಲಿನಲ್ಲಿ ನೆಟ್ಟ ಒಂಬತ್ತು ಉಕ್ಕಿನ ಕೊಳವೆಗಳು. ಇವೇ ಪೈಲುಗಳು. ಮೆತ್ತನೆಯ ನೆಲದಲ್ಲಿ ಭಾರವನ್ನು ಕೆಳಗಿನ ಗಟ್ಟಿ ಪದರಕ್ಕೆ ಮುಟ್ಟಿಸಲು ಆಳಕ್ಕೆ ಇಳಿಸುವ ಉದ್ದನೆಯ ಕಂಬಗಳಿಗೆ ಇಂಜಿನಿಯರುಗಳು ಇಟ್ಟ ಹೆಸರು ಅದು. ಇಲ್ಲಿನ ಪೈಲಿನ ವ್ಯಾಸ 60 ಸೆಂಟಿಮೀಟರಿಗಿಂತ ತುಸು ಹೆಚ್ಚು, ಉದ್ದ 25 ಮೀಟರ್. ಅದರಲ್ಲಿ ಸುಮಾರು 9 ಮೀಟರ್ ನದೀತಳದಿಂದ ಮೇಲೆ, ಉಳಿದ 16 ಮೀಟರ್ ನೆಲದೊಳಗೆ. ಭೂಕಂಪದಲ್ಲಿ ನದೀತಳದ ಮೇಲಿನ ಸುಮಾರು 10 ಮೀಟರ್ ಮರಳು ಗಂಜಿಯಾಯಿತು.

ಈಗ ಒಂದು ಸಣ್ಣ ಲೆಕ್ಕ. ಭೂಕಂಪಕ್ಕೆ ಮೊದಲು ಆಸರೆಯಿಲ್ಲದೆ ನಿಂತ ಪೈಲಿನ ಭಾಗ 9 ಮೀಟರ್. ಮರಳು ಕೈಬಿಟ್ಟ ಮೇಲೆ ಅದು 19 ಮೀಟರ್. ಬಿಗಿಯಾಗಿ ಹಿಡಿದಿದ್ದದ್ದು ಕೆಳಗಿನ 6 ಮೀಟರ್ ಮಾತ್ರ. ಮೊಳದುದ್ದ ಹೊರಗಿದ್ದ ಬಿದಿರ ಗಳವು ಎರಡು ಮೊಳಕ್ಕೂ ಮಿಗಿಲಾಗಿ ಹೊರಗೆ ಬಂದರೆ ಎಷ್ಟು ತೊನೆದಾಡುತ್ತದೆಂದು ಊಹಿಸಿಕೊಳ್ಳಿ. ಅದರ ಮೇಲೆ ಹಾಸಿನ ಭಾರ. ಆ ಹಾಸಾದರೋ ಕಂಬದಿಂದ ಕಂಬಕ್ಕೆ ಬಿಡಿಬಿಡಿಯಾಗಿ ಇಟ್ಟದ್ದು. ಕಂಬದ ತಲೆ ಒಂದು ಮಿತಿಗಿಂತ ಹೆಚ್ಚು ಸರಿದರೆ ಹಾಸು ತನ್ನ ಪೀಠದಿಂದ ಜಾರುವುದು ಖಂಡಿತ.

ಇತ್ತ ಅದೇ ನದಿಯ ಮೇಲೆ, ಅದೇ ಭೂಕಂಪದಲ್ಲಿ, ಮೂವತ್ತೈದು ವರ್ಷ ಹಳೆಯದಾದ ಬಂದಾಯ್ ಸೇತುವೆಯ ತುದಿಯ ಭಾಗಗಳು ಜಖಂಗೊಂಡರೂ ಸೇತುವೆ ನಿಂತಿತು. ಪರಿಹಾರ ಕಾರ್ಯದ ವಾಹನಗಳು ಅದರ ಮೇಲೆ ಸಾಗಿದವು. ಅದರ ಕಮಾನುಗಳು ಕೈಸನ್ ಎಂಬ ಭಾರಿ ಪೆಟ್ಟಿಗೆಗಳನ್ನು ನೆಲದೊಳಕ್ಕೆ ಇಳಿಸಿ ಮಾಡಿದ ಅಡಿಪಾಯದ ಮೇಲಿವೆ. ನಮ್ಮ ಗಂಗಾ-ಯಮುನಾ ನದಿಗಳ ರೈಲ್ವೆ ಸೇತುವೆಗಳಿಗೆ ಬಾವಿ ಅಡಿಪಾಯ ಹಾಕುತ್ತಾರಲ್ಲ, ಅದರ ದೂರದ ಬಂಧುವೆನ್ನಬಹುದು. ಸುತ್ತಲಿನ ಮರಳು ಸಡಿಲಗೊಂಡರೂ ಅಂತಹ ಸ್ಥೂಲ ಬುಡ ಗಳದಂತೆ ಬಳುಕುವುದಿಲ್ಲ. ಕಮಾನುಗಳಲ್ಲಿ ಜಾರಿ ಬೀಳುವ ಬಿಡಿ ಹಾಸೂ ಇಲ್ಲ. 2004ರಲ್ಲಿ ಜಪಾನ್ ಸರಕಾರವು ಆ ಸೇತುವೆಯನ್ನು ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು.

ಮೊದಲ ತೀರ್ಪು

ಭೂಕಂಪದ ಬಳಿಕ ನದಿಯಿಂದ ಒಂದು ಪೈಲನ್ನು ಕಿತ್ತು ನೋಡಿದರು. ನೆಲದೊಳಗಿದ್ದ ಭಾಗದಲ್ಲಿ ಅದು ಬಾಗಿತ್ತು. ಕಣ್ಣಾರೆ ಕಂಡವರನ್ನು ವಿಚಾರಿಸಿದಾಗ, ಪ್ರಬಲ ಕಂಪನ ನಿಂತ ಮೇಲೆ, ತುಸು ತಡವಾಗಿ ಸೇತುವೆ ಬಿತ್ತೆಂದರು. ಹಾಗಾದರೆ ನಡುಕವೇ ನೇರವಾಗಿ ಸೇತುವೆಯನ್ನು ಕೆಡವಲಿಲ್ಲವೆಂದಾಯಿತು.

ಮುಂದೆ ಮಸನೋರಿ ಹಮಾದ ಮತ್ತು ಅವರ ಸಂಗಡಿಗರು ಭೂಕಂಪಕ್ಕೆ ಮುಂಚಿನ ಮತ್ತು ಅನಂತರದ ವೈಮಾನಿಕ ಛಾಯಾಚಿತ್ರಗಳನ್ನು ಹೋಲಿಸಿ, ಶಿನಾನೊ ದಂಡೆಯ ನೆಲವು ಹಲವು ಮೀಟರುಗಳಷ್ಟು ನದಿಯತ್ತ ಜರುಗಿದೆಯೆಂದು ತೋರಿಸಿದರು. ಗಂಜಿಯಾದ ಮರಳು ಇಳಿಜಾರಿನತ್ತ ಹರಿಯುತ್ತಾ ಮೇಲಿನ ನೆಲವನ್ನೂ ಹೊತ್ತೊಯ್ದಿತ್ತು. ನಗರದಲ್ಲಿ ಕಟ್ಟಡವೊಂದರ ಅಡಿಯ ಪೈಲುಗಳನ್ನು ಇಪ್ಪತ್ತು ವರ್ಷಗಳ ಮೇಲೆ ಅಗೆದು ನೋಡಿದಾಗ, ಅವು ನೆಲದೊಳಗೆ ಮುರಿದು ಪಕ್ಕಕ್ಕೆ ಸರಿದಿದ್ದವು. ಅಷ್ಟು ಕಾಲ ಆ ಕಟ್ಟಡದಲ್ಲಿ ಜನ ಏನೂ ಅರಿಯದೆ ಕೆಲಸ ಮಾಡಿಕೊಂಡಿದ್ದರು! ಇಷ್ಟು ಸಾಕ್ಷ್ಯ ದೊರೆತ ಮೇಲೆ, ಶೋವಾ ಸೇತುವೆಯನ್ನು ಕೆಡವಿದ್ದೂ ಹೀಗೆ ಹರಿದ ನೆಲದ ಪಾರ್ಶ್ವ ಒತ್ತಡವೇ ಎಂಬ ತೀರ್ಪು ಗಟ್ಟಿಯಾಯಿತು. ಅದು ಪಠ್ಯಪುಸ್ತಕಗಳನ್ನು ಸೇರಿತು.

ಮರುವಿಚಾರಣೆ

ಒಂದು ತೀರ್ಪು ಪಠ್ಯಪುಸ್ತಕ ಸೇರಿತೆಂದರೆ ಅದನ್ನು ಅಲುಗಿಸುವುದು ಕಷ್ಟ. ಆದರೆ ಇಲ್ಲಿ ಸುಮ್ಮನಿರುವಂತೆಯೂ ಇರಲಿಲ್ಲ. ತೀರ್ಪಿನ ಆಧಾರದ ಮೇಲೆಯೇ ಇಂಜಿನಿಯರುಗಳು ಹೊಸ ಸೇತುವೆಗಳ ಲೆಕ್ಕ ಹಾಕುತ್ತಾರೆ. ಕಾರಣ ತಪ್ಪಾದರೆ ಔಷಧವೂ ತಪ್ಪುತ್ತದೆ.

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಸುಭಮೋಯ್ ಭಟ್ಟಾಚಾರ್ಯ ಅವರು ತಮ್ಮ ಗುರುಗಳಾದ ಗೋಪಾಲ್ ಮಾದಭೂಷಿ ಮತ್ತು ಮಾಲ್ಕಂ ಬೋಲ್ಟನ್ ಅವರೊಡನೆ 2004ರ ಹೊತ್ತಿಗೆ ಕೆಲವು ಸರಳ ಪ್ರಶ್ನೆಗಳನ್ನೆತ್ತಿದರು. ದಂಡೆಯ ನೆಲ ತಳ್ಳಿದ್ದೇ ಕಾರಣವಾದರೆ, ನೆಲ ಅತಿಯಾಗಿ ಜರುಗಿದ ದಂಡೆಯ ಬಳಿಯ ಕಂಬಗಳು ಮೊದಲು ಬೀಳಬೇಕಿತ್ತು. ಅವು ನಿಂತಿವೆ, ಬಿದ್ದವು ನದೀಮಧ್ಯದವು. ತಳ್ಳಿದ ದಿಕ್ಕು ಒಂದೇ ಆಗಿದ್ದರೆ ಪಕ್ಕಪಕ್ಕದ ಕಂಬಗಳು ಒಂದೇ ಕಡೆಗೆ ವಾಲಬೇಕಿತ್ತು. ಐದನೆಯದೂ ಆರನೆಯದೂ ವಿರುದ್ಧ ದಿಕ್ಕುಗಳಿಗೆ ವಾಲಿವೆ. ಈ ಸಂಗತಿಗಳು ಎಲ್ಲರ ಕಣ್ಣೆದುರಿಗೇ ಇದ್ದವು. ಪ್ರಶ್ನೆಯಾಗಿ ಕೇಳುವವರು ಬೇಕಾಗಿತ್ತು. ಮರಳಿನ ಆಸರೆ ತಪ್ಪಿದ ಪೈಲು ಭಾರ ಹೊತ್ತ ತೆಳ್ಳನೆಯ ಕಂಬವೇ ಆಗುತ್ತದೆ. ಪಕ್ಕದಿಂದ ಯಾರೂ ತಳ್ಳದೆಯೂ ಹೊತ್ತ ಭಾರಕ್ಕೇ ಅದು ಬಳುಕಿ ಮುರಿಯಬಹುದು ಎಂಬುದನ್ನು ಅವರು ಸಣ್ಣ ಮಾದರಿಗಳ ಪ್ರಯೋಗದಿಂದ ತೋರಿಸಿದರು.

ಅದಾದ ಬಳಿಕ ಸಾಕ್ಷಿಗಳು ಮತ್ತೆ ನುಡಿದರು. 2007ರಲ್ಲಿ ನೊಜೋಮು ಯೋಶಿದಾ ಮತ್ತು ಸಂಗಡಿಗರು ಪ್ರತ್ಯಕ್ಷದರ್ಶಿಗಳ ಹೇಳಿಕೆಗಳನ್ನೆಲ್ಲ ಒಟ್ಟುಗೂಡಿಸಿ, ಒಂದಕ್ಕೊಂದು ತಾಳೆನೋಡಿ, ಆ ಒಂದೂವರೆ ನಿಮಿಷದ ಕಾಲಾನುಕ್ರಮಣಿಕೆಯನ್ನು ಕಟ್ಟಿದರು. ಅದರ ಪ್ರಕಾರ ಸೇತುವೆ ಬಿದ್ದದ್ದು ಕಂಪನ ಆರಂಭವಾದ ಸುಮಾರು 70ನೆಯ ಸೆಕೆಂಡಿನಲ್ಲಿ. ದಂಡೆಯ ನೆಲ ನದಿಯತ್ತ ಜರುಗತೊಡಗಿದ್ದು ಸುಮಾರು 83ನೆಯ ಸೆಕೆಂಡಿನಲ್ಲಿ. ಬಿದ್ದ ಮೇಲೆ ಬಂದವನು ಬೀಳಿಸಿದವನಾಗಲಾರ! ಸೇತುವೆ ತಡವಾಗಿ ಬಿತ್ತೆಂದು ಹೇಳಿ ಮೊದಲ ತೀರ್ಪಿಗೆ ಆಧಾರವಾಗಿದ್ದ ಜನರ ಮಾತೇ, ಇನ್ನಷ್ಟು ಎಚ್ಚರದಿಂದ ಕೇಳಿದಾಗ, ಆ ತೀರ್ಪನ್ನು ತೆಗೆದುಹಾಕಿತು. ಸಾಕ್ಷ್ಯವನ್ನು ಹೇಗೆ ಓದಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ತರಗತಿಯಲ್ಲಿ ಎಂದೂ ಕೊಡಲಾಗಿರಲಿಲ್ಲ.

ಹಾಗಾದರೆ ಬೀಳಿಸಿದ್ದು ಯಾವುದು? 2014ರಲ್ಲಿ ಭಟ್ಟಾಚಾರ್ಯ, ಕೊಹ್ಜಿ ತೊಕಿಮಾತ್ಸು ಮತ್ತಿತರರು ಎಲ್ಲ ಸಾಧ್ಯತೆಗಳನ್ನೂ ಲೆಕ್ಕ ಹಾಕಿ ನೋಡಿದರು. ಪೈಲಿನ ಆಸರೆಯಿಲ್ಲದ ಭಾಗ ಬೆಳೆದಂತೆ ಸೇತುವೆ ಒಮ್ಮೆ ಅತ್ತಿತ್ತ ತೂಗಲು ಹಿಡಿಯುವ ಕಾಲವೂ ಬೆಳೆಯುತ್ತದೆ. ಅದು ಸುಮಾರು 2 ಸೆಕೆಂಡಿನಿಂದ 6 ಸೆಕೆಂಡಿಗೆ ಏರಿತು. ಗಂಜಿಯಾದ ನೆಲವೂ ಅಂತಹದೇ ನಿಧಾನ ಗತಿಯಲ್ಲಿ ತೂಗುತ್ತಿತ್ತು. ಕವಾಗಿಶಿ-ಚೋದ ಕಟ್ಟಡವೊಂದರ ನೆಲಮಾಳಿಗೆಯಲ್ಲಿದ್ದ ಕಂಪನಮಾಪಕವು ಆ ನಿಧಾನ ತೂಗಾಟವನ್ನು ದಾಖಲಿಸಿತ್ತು. ಉಯ್ಯಾಲೆಯನ್ನು ಅದರ ಗತಿಗೆ ಸರಿಯಾಗಿ ಮೆಲ್ಲಗೆ ನೂಕುತ್ತ ಹೋದರೆ ಮಗುವಿನ ಕೈಯಿಂದಲೂ ಅದು ಎತ್ತರಕ್ಕೆ ಏರುತ್ತದೆಯಲ್ಲವೇ? ನೆಲದ ಗತಿಗೆ ಸೇತುವೆಯ ಗತಿ ಕೂಡಿತು; ಕಂಬದ ತಲೆಗಳು ಅತಿಯಾಗಿ ತೂಗಿದವು; ಹಾಸು ಪೀಠದಿಂದ ಜಾರಿತು. ಪ್ರಬಲ ಕಂಪನ ನಿಂತ ಮೇಲೂ ಸೇತುವೆ ಬಿದ್ದ ಒಗಟು ಹೀಗೆ ಬಿಡಿಸಿತು.

ಬೇರೆ ಊರುಗಳ ನೆಲ

ನೆಲವು ಸೇತುವೆಯ ಗತಿಯನ್ನು ಬದಲಿಸಿ ಕೇಡು ಮಾಡಿದ ನಿದರ್ಶನಗಳು ಬೇರೆಡೆಯೂ ಇವೆ. 1989ರ ಅಕ್ಟೋಬರ್ 17ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಓಕ್‌ಲ್ಯಾಂಡಿನ ಸೈಪ್ರೆಸ್ ಮೇಲ್ಸೇತುವೆ ಕುಸಿದು 42 ಜನ ಸತ್ತರು. ಭೂಕಂಪದ ಕೇಂದ್ರ ಅಲ್ಲಿಂದ ಬಹು ದೂರದಲ್ಲಿತ್ತು. ಎರಡಂತಸ್ತಿನ ಆ ರಸ್ತೆಯ ಕೀಲುಗಳು ದುರ್ಬಲವಾಗಿದ್ದುದು ನಿಜ. ಆದರೆ ಕುಸಿದದ್ದು ಮುಖ್ಯವಾಗಿ ಕೊಲ್ಲಿಯ ಮೆತ್ತನೆಯ ಕೆಸರಿನ ಮೇಲಿದ್ದ ಭಾಗ. ಗಟ್ಟಿ ನೆಲದ ಮೇಲಿದ್ದ ಭಾಗ ಉಳಿಯಿತು. ಕೆಸರು ಕಂಪನವನ್ನು ಹಲವು ಪಟ್ಟು ಹೆಚ್ಚಿಸಿತ್ತು. 1995ರ ಜನವರಿ 17ರಂದು ಕೋಬೆಯಲ್ಲಿ ಹಾನ್‌ಶಿನ್ ಎತ್ತರದ ಹೆದ್ದಾರಿಯ 635 ಮೀಟರ್ ಉದ್ದದ ಭಾಗ ಒಟ್ಟಾಗಿ ಮಗುಚಿ ಬಿದ್ದಿತು. ಮೆತ್ತನೆಯ ನೆಲ ರಚನೆಯ ತೂಗಾಟವನ್ನು ನಿಧಾನಗೊಳಿಸಿ ಪೆಟ್ಟನ್ನು ಕಡಿಮೆ ಮಾಡುತ್ತದೆಂಬ ನಂಬಿಕೆ ಅದುವರೆಗೆ ಪ್ರಬಲವಾಗಿತ್ತು. ಹಾಗೆ ನಿಧಾನಗೊಂಡ ಗತಿಯೇ ನೆಲದ ಗತಿಗೆ ಹತ್ತಿರವಾದರೆ ಲಾಭದ ಬದಲು ನಷ್ಟವೆಂದು ಜಾರ್ಜ್ ಮೈಲೋನಾಕಿಸ್ ಮತ್ತು ಜಾರ್ಜ್ ಗಜೆಟಾಸ್ 2000ದಲ್ಲಿ ಇದೇ ಹೆದ್ದಾರಿಯನ್ನು ಉದಾಹರಿಸಿ ವಾದಿಸಿದರು.

ನಮ್ಮ ದೇಶದ ಅನುಭವವೂ ಉಂಟು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಾಂಡ್ಲಾ ಬಂದರಿನ ಕಚೇರಿ ಗೋಪುರವು 18 ಮೀಟರ್ ಉದ್ದದ 32 ಪೈಲುಗಳ ಮೇಲೆ ನಿಂತಿದ್ದೂ ವಾಲಿತು. ಕೆಳಗಿನ ಮರಳಿನ ಪದರ ದ್ರವೀಕರಣಗೊಂಡಿತ್ತು. ಆ ವಾಲಿಕೆಯ ಕಾರಣಗಳನ್ನು ಭಟ್ಟಾಚಾರ್ಯರೊಡನೆ ಅಧ್ಯಯನ ಮಾಡಿದವರಲ್ಲಿ ಬೆಂಗಳೂರಿನ ಯುವಿಸಿಇ ಕಾಲೇಜಿನ ಎಲ್. ಗೋವಿಂದರಾಜು ಅವರೂ ಒಬ್ಬರು ಎಂಬುದು ನಮಗೆ ಸಂತೋಷದ ಸಂಗತಿ.

ಉಳಿದ ಪಾಠ

ಇಷ್ಟೆಲ್ಲದರ ಫಲವಾಗಿ ಇಂದು ಸೇತುವೆ ಕಟ್ಟುವವರು ಮೊದಲು ಕೊಳವೆ ಇಳಿಸಿ ನೆಲದ ಪದರಗಳನ್ನು ಪರೀಕ್ಷಿಸುತ್ತಾರೆ. ಗಂಜಿಯಾಗಬಲ್ಲ ಪದರವನ್ನು ದಾಟಿ ಸಾಕಷ್ಟು ಆಳದ ಗಟ್ಟಿ ಪದರದಲ್ಲಿ ಪೈಲನ್ನು ಊರುತ್ತಾರೆ; ನಡುವಿನ ಮರಳು ಇಲ್ಲವೇ ಇಲ್ಲವೆಂದು ಭಾವಿಸಿಯೂ ಪೈಲು ನಿಲ್ಲುವುದೇ ಎಂದು ಲೆಕ್ಕ ಹಾಕುತ್ತಾರೆ. ಅಗತ್ಯವಿದ್ದರೆ ಮರಳನ್ನು ಮೊದಲೇ ಕುಲುಕಿ ಬಿಗಿಗೊಳಿಸುತ್ತಾರೆ, ಅಥವಾ ಜಲ್ಲಿಯ ಕಂಬಗಳನ್ನು ತುಂಬಿ ನೀರಿಗೆ ದಾರಿ ಮಾಡಿಕೊಡುತ್ತಾರೆ. ಹಾಸಿನ ಪೀಠವನ್ನು ಅಗಲವಾಗಿಸಿ, ಜಾರದಂತೆ ಬಂಧಿಸುತ್ತಾರೆ. ಇವು ಯಾವುವೂ ದೊಡ್ಡ ಮಾತುಗಳಲ್ಲ. ಪ್ರತಿಯೊಂದರ ಹಿಂದೆಯೂ ಬಿದ್ದ ಒಂದು ಸೇತುವೆಯ ಬೆಲೆಯಿದೆ.

ಇಂಜಿನಿಯರಲ್ಲದ ನಮಗೆ ಉಳಿಯುವ ಪಾಠ ಬೇರೆ. ನೆಲಕ್ಕೂ ಚರಿತ್ರೆಯಿದೆ, ಅದನ್ನು ಕೇಳಿ ತಿಳಿಯಬೇಕು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಇಂದು ಬೆಂಗಳೂರಿನ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ನೀಗಾಟಾದ ಮರಳಿಗೂ ನಮ್ಮ ಕೆರೆಯಂಗಳದ ಮಣ್ಣಿಗೂ ಗುಣದಲ್ಲಿ ವ್ಯತ್ಯಾಸವುಂಟು. ಒಂದರ ಗತಿಯೇ ಇನ್ನೊಂದಕ್ಕೂ ಎಂದು ಹೇಳುವುದು ಸರಿಯಲ್ಲ. ಆದರೆ ಹಳೆಯ ನಕ್ಷೆಯನ್ನು ಬಿಡಿಸಿ, ಇಲ್ಲಿ ಮೊದಲು ಏನಿತ್ತು ಎಂದು ಕೇಳುವ ಅಭ್ಯಾಸ ಎಲ್ಲ ಊರಿಗೂ ಬೇಕಾದದ್ದು. ಕಟ್ಟುವ ಕೈಗಳು ನಿಮ್ಮಲ್ಲಿ ಹಲವರವು. ತಳಪಾಯದ ಗುದ್ದಲಿ ಬೀಳುವ ಮುನ್ನ ಆ ಊರಿನ ಹಿರಿಯರನ್ನೂ, ಹಳೆಯ ದಾಖಲೆಗಳನ್ನೂ ಒಮ್ಮೆ ವಿಚಾರಿಸಿರಿ. ಅಷ್ಟಾದರೆ ನಾನು ಇತಿಹಾಸ ಕಲಿಸಿದ್ದು ಸಾರ್ಥಕ.